ಹೆಸ್ರು ಬಿಡಪ್ಪಾ, ಒಳಗೇನಿದೆ?

ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನವನು 'ಅಸಲಿ ಬಾದಾಮಿ' ಎಂದು ಎಷ್ಟೇ ಕೂಗಿಕೊಳ್ಳಲಿ, ನನ್ನ ಗೆಳೆಯ ಕದಿರೇಶ "ಹೆಸ್ರು ಬಿಡಪ್ಪಾ, ಒಂದು ಹೋಳು ಕುಯ್ಯಿ" ಎಂದೇ ಕೈಚಾಚುತ್ತಾನೆ. ಬಿರುಬೇಸಿಗೆಯಲ್ಲೂ ಮೈಬಿಡದ ಬೂದು ಸ್ವೆಟರು, ಎಡಕ್ಕೆ ವಾಲಿದ ನಡಿಗೆ, ನೋಡೋಣ ಎನ್ನುವುದಕ್ಕೆ ಬದಲಾಗಿ ಮಾತುಮಾತಿಗೂ ತೆಲುಗಿನ 'ಚೂದ್ದಾಂ': ಮುಳಬಾಗಿಲಿನ ಈ ಮಹಾಶಯನನ್ನು ದೂರದಿಂದಲೇ ಗುರುತಿಸಬಹುದು.

ಸ್ವೆಟರಿಗೆ ಕಾರಣ ಅವನ ಕಚೇರಿಯ ಏಸಿ ಕೋಣೆ. ಪೊಲೀಸರು ವಶಪಡಿಸಿಕೊಂಡ ಕಂಪ್ಯೂಟರುಗಳ ಪರೀಕ್ಷೆ ಅವನ ವೃತ್ತಿ. ಪ್ರತಿ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕಕ್ಕೆ ಹಾಕಿ 'ಹ್ಯಾಶ್' ಎಂಬ, ಹೆಬ್ಬೆಟ್ಟಿನ ಗುರುತಿನಂಥ ಒಂದು ಸಂಖ್ಯೆ ತೆಗೆಯುತ್ತಾನೆ. ಫೈಲಿನ ಹೆಸರು ಬದಲಿಸಿದರೂ ಆ ಗುರುತು ಬದಲಾಗದು. ಒಳಗೆ ಒಂದು ಚುಕ್ಕೆ ಅಲುಗಿದರೆ ಪೂರಾ ಬದಲು. ಪರಿಚಿತ ತಂತ್ರಾಂಶಗಳ ಗುರುತಿನ ಪಟ್ಟಿಗೆ ತಾಳೆಯಾದದ್ದನ್ನು ಪಕ್ಕಕ್ಕಿಟ್ಟು, ಮಿಕ್ಕದ್ದನ್ನು ಕೆದಕುತ್ತಾನೆ.

ಹೋದ ವರ್ಷ ಮುನಿಲಕ್ಷ್ಮಿಯ ಕಂಪ್ಯೂಟರು ಬಂತು. ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿಯಾಕೆ; ನಕಲಿ ಅಂಕಪಟ್ಟಿ ಮಾಡುತ್ತಾಳೆಂದು ಯಾರೋ ದೂರಿದ್ದರು. ಅಂಗಡಿಗೆ ಬೀಗ, ಬೀದಿಯಲ್ಲಿ ಗುಸುಗುಸು. ಯಂತ್ರದಲ್ಲಿದ್ದ ಫೈಲುಗಳ ಹೆಸರುಗಳೋ 'ಕುರುಡುಮಲೆ ಗಣಪ', 'ಆವನಿ ಸೀತಮ್ಮ', 'ಮುತ್ಯಾಲಮ್ಮ'. ಗುಪ್ತನಾಮಗಳೇ ಸರಿ ಎಂದು ಎಲ್ಲರೂ ಹುಬ್ಬೇರಿಸಿದರು. ಕದಿರೇಶ ಗುರುತು ತೆಗೆದ. ಗಣಪನೆಂದರೆ ಕನ್ನಡ ಟೈಪಿಂಗಿನ ತಂತ್ರಾಂಶ, ಸೀತಮ್ಮ ಪ್ರಿಂಟರಿನದು. ಮುತ್ಯಾಲಮ್ಮ ಮಾತ್ರ ಪಟ್ಟಿಯಲ್ಲಿರಲಿಲ್ಲ.

"ಸಿಕ್ಕಿಬಿದ್ಲು ಬಿಡ್ರಿ," ಎಂದರು ಇನ್ಸ್‌ಪೆಕ್ಟರ್ ಅಮರನಾಥ್.

"ಪಟ್ಟೀಲಿಲ್ಲ ಅಂದ್ರೆ ಕಳ್ಳ ಅಂತಲ್ಲ ಸಾರ್, ನಮಗಿನ್ನೂ ಪರಿಚಯ ಆಗಿಲ್ಲ ಅಂತ. ಚೂದ್ದಾಂ," ಎಂದ ಕದಿರೇಶ, ಮುನಿಲಕ್ಷ್ಮಿಯನ್ನೇ ಕರೆಸಿದ.

"ದಿನಾ ಕೆಟ್ಟೋಗ್ತಿತ್ತು ಸಾರ್. ಒಳಗಿನ ಒಂದೊಂದು ಸಾಫ್ಟ್‌ವೇರ್‌ಗೂ ಒಂದೊಂದು ದೇವ್ರ ಹೆಸ್ರಿಟ್ಟೆ, ಆಮೇಲೆ ಒಂದ್ಸಲನೂ ನಿಂತಿಲ್ಲ. ಮುತ್ಯಾಲಮ್ಮ ಫೋಟೋ ತಿದ್ದೋದು, ಮೊನ್ನೆ ಮೊನ್ನೆ ಹೊಸದು ಹಾಕ್ಸಿದ್ದೆ," ಎಂದು ಆಕೆ ಕಣ್ಣೊರೆಸಿಕೊಂಡಳು.

ಹಳತಾಗಿದ್ದುದು ಪಟ್ಟಿಯೇ! ಆ ಹೊಸ ಆವೃತ್ತಿಯನ್ನು ತಯಾರಕರಿಂದಲೇ ತರಿಸಿ ಗುರುತು ತೆಗೆದರೆ ಎರಡೂ ತದ್ವತ್ ಒಂದೇ. ಅಳಿಸಿದ್ದನ್ನೂ ಎಬ್ಬಿಸಿ ನೋಡಿದ. ಲಗ್ನಪತ್ರಿಕೆ, ನಾಮಕರಣದ ಬ್ಯಾನರು ಬಿಟ್ಟು ಬೇರೇನೂ ಇರಲಿಲ್ಲ. ಅಂಗಡಿಯ ಬೀಗ ತೆರೆದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಚೆಗೆ ಅವನ ಕೋಣೆಗೆ ಹೋದಾಗ, ಆಗಾಗ ಮುಷ್ಕರ ಹೂಡುವ ಅವನದೇ ಯಂತ್ರದ ಮೇಲೊಂದು ಚೀಟಿ: 'ಕುರುಡುಮಲೆ ಗಣಪ'. ನಾನು ನಕ್ಕೆ.

"ಹೆಸ್ರಿಂದ ಏನೂ ಆಗಲ್ಲ ಕಣೋ," ಎಂದ, ಚೀಟಿಯನ್ನು ಇನ್ನಷ್ಟು ಒತ್ತಿ ಅಂಟಿಸುತ್ತ. "ಆದ್ರೂ ಇರ್ಲಿ, ಚೂದ್ದಾಂ."

ಇಂಥವರನ್ನು ಸಂಶಯಪಿಶಾಚಿಗಳೆಂದು ಕರೆಯುವುದು ಲೋಕರೂಢಿ. ಆದರೆ ಊರೆಲ್ಲ ಸೇರಿ ಒಬ್ಬಳನ್ನು ಕಳ್ಳಿಯೆಂದು ತೀರ್ಮಾನಿಸಿ ಕೂತಾಗ, "ತಾಳಿ, ಇನ್ನೂ ಪರಿಚಯವಾಗಿಲ್ಲ" ಎನ್ನುವ ಧೈರ್ಯ ಇರುವುದೂ ಈ ಸಂಶಯದವರಿಗೇ.