ಅರ್ಬೇಸಾದ ಮೂರು ತಟ್ಟು

ಅನ್ಸೆಲ್ಮೊ ಲಾಸ್ಕೊರ್ಸ್ ಒಣನೆಲದ ಮೇಲೂ, ಹೊಳೆ ದಾಟುವವನಂತೆ, ಹೆಜ್ಜೆ ಊರುವ ಮುನ್ನ ನೆಲವನ್ನು ಪಾದದಿಂದ ಒಮ್ಮೆ ತಡವಿ ನೋಡುತ್ತಿದ್ದ. ಹುಟ್ಟಿದೂರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದವನ ನಡಿಗೆ ಅದೆಂದು ಅರಾಗೋನ್ ಪ್ರಾಂತ್ಯದ ಪತ್ರಿಕೆಗಳು ಬರೆದವು. ಬೂಟು ಕಚ್ಚುತ್ತದೆ ಎಂದು ಅವನು ಹೇಳಿದ. ಮೊಣಕೈ ಸವೆದ ಕಂದು ಕೋಟು, ಅದರ ಜೇಬಿನಲ್ಲಿ ಸದಾ ಬಾದಾಮಿ, ಮಾತಿಗೆ ಮುನ್ನ ‘ಹೇಳೋದಾದ್ರೆ...’ ಎಂಬ ಎಳೆತ, ಅದರ ನಂತರ ಬಹುತೇಕ ಮೌನ: ತಾನೇ ಬರೆದು ತಾನೇ ಹಾಡಿ ಹನ್ನೊಂದು ಧ್ವನಿಮುದ್ರಿಕೆ ತಂದ ಗಾಯಕನ ಐಹಿಕ ಆಸ್ತಿ ಇಷ್ಟೇ.

ಅವನ ಮೊದಲ ಹಾಡಿನ ಪಲ್ಲವಿಯಲ್ಲಿ ಊರಿನ ಹೆಸರಿಲ್ಲ. ಅರ್ಬೇಸಾ ಎಂಬ ಆ ಮೂರಕ್ಷರಗಳ ಜಾಗದಲ್ಲಿ ಗಿಟಾರಿನ ಮೈಮೇಲೆ ಬೆರಳ ಗೆಣ್ಣಿನ ಮೂರು ತಟ್ಟು. ಸರ್ವಾಧಿಕಾರದ ಆ ಕಾಲದಲ್ಲಿ ಪ್ರತಿ ಹಾಡೂ ಮೊದಲು ಪರಿಶೀಲನಾ ಕಚೇರಿಗೆ ಹೋಗಬೇಕಿತ್ತು; ಸರ್ಕಾರ ಮುಳುಗಿಸಿದ ಊರಿನ ಹೆಸರೆತ್ತಿದರೂ ಅಲ್ಲಿ ಅದು ದೂರೆನಿಸುತ್ತಿತ್ತು. ಅಲ್ಲಿಯ ಕೆಂಪು ಪೆನ್ಸಿಲೇ ಹೆಸರನ್ನು ಹೊಡೆದುಹಾಕಿತೆಂದು ಜನ ನಂಬಿದರು, ಸಾರಗೋಸಾ ನಗರದ ರಂಗಮಂದಿರದಲ್ಲಿ ಸಾವಿರ ಪಾದಗಳು ಆ ತಟ್ಟಿಗೆ ಜೊತೆಗೂಡಿ ನೆಲ ನಡುಗಿಸಿದವು. ಸರ್ವಾಧಿಕಾರಿ ಸತ್ತ ಮೇಲೂ ಅನ್ಸೆಲ್ಮೊ ಹೆಸರು ಹಾಡಲಿಲ್ಲ. ಹಠ ಎಂದರು, ವ್ರತ ಎಂದರು. ಅದು ಲಜ್ಜೆಯೆಂದು ಅವನೊಬ್ಬನಿಗೆ ಗೊತ್ತಿತ್ತು: ಅನುಮತಿ ತಪ್ಪೀತೆಂಬ ಭಯದಲ್ಲಿ, ಕಚೇರಿಗೆ ಕಳಿಸುವ ಮುನ್ನವೇ ಆ ಹೆಸರನ್ನು ಹೊಡೆದದ್ದು ಅವನದೇ ಕೈ.

ಪ್ರತಿ ಸೆಪ್ಟೆಂಬರಿನಲ್ಲಿ ಚದುರಿಹೋದ ಊರಿನವರು ನೀರಿನ ದಂಡೆಯಲ್ಲಿ ಸೇರಿ, ಹುರಿದ ರೊಟ್ಟಿಹುಡಿಯನ್ನು ದ್ರಾಕ್ಷಿಯೊಡನೆ ತಿನ್ನುವುದು ವಾಡಿಕೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಂಥದೊಂದು ಮಧ್ಯಾಹ್ನ, ಅವನು ಎದ್ದುನಿಂತು ‘ಹೇಳೋದಾದ್ರೆ...’ ಎಂದ, ಆ ಸಲ ಮೌನಕ್ಕೆ ಜಾರದೆ ಎಲ್ಲವನ್ನೂ ಹೇಳಿಬಿಟ್ಟ. ರೊಟ್ಟಿಯಂಗಡಿಯವರ ಮಗಳು, ತೊಂಬತ್ತರ ವಿಸೀತಾ, ಬಾಯಿ ತೆರೆದಳು.

“ಅಷ್ಟೇನಾ? ನಲವತ್ತೆಂಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ, ಕತ್ತೆ! ಮನೆ ಬಿಡೋ ಕಾಗದಕ್ಕೆ ನಾವೇನು ಎದೆ ಸೆಟೆಸ್ಕೊಂಡು ಸಹಿ ಹಾಕಿದ್ವಾ? ಹೆದರ್ಕೊಂಡೇ ಹಾಕಿದ್ದು.”

“ಹಾಗಲ್ಲ ವಿಸೀತಾ...”

“ಹಾಗೇ. ಈಗ ಹಾಡು, ಹೆಸರು ಹಿಡಿದು ಹಾಡು. ನಂಗೆ ಒಂದು ಕಿವಿ ಇನ್ನೂ ಕೇಳ್ಸುತ್ತೆ. ಅದೂ ಹೋಗೋದ್ರೊಳಗೆ.”

ಹಾಡಿದ. ಪಲ್ಲವಿ ಬಂದಾಗ ಬೆರಳುಗಳನ್ನು ಗಿಟಾರಿನಿಂದ ಎತ್ತಿ, ಅರ್ಧ ಶತಮಾನ ಒಳಗೇ ಉಳಿದಿದ್ದ ಮೂರಕ್ಷರಗಳನ್ನು ಎದೆ ತುಂಬಿ ಹೊರಗಿಟ್ಟ. ಅದೇ ಕ್ಷಣಕ್ಕೆ, ರೂಢಿಯ ಬಲದಿಂದ, ಮುನ್ನೂರು ಮಂದಿಯ ಪಾದಗಳು ಜಲ್ಲಿಯ ಮೇಲೆ ಮೂರು ಸಲ ಅಪ್ಪಳಿಸಿದವು. ಹೆಸರು ಯಾರಿಗೂ ಕೇಳಿಸಲಿಲ್ಲ. ಜನ ಪೆಚ್ಚಾಗಿ ಒಬ್ಬರನ್ನೊಬ್ಬರು ನೋಡಿದರು.

“ಹಾಡ್ದೆ ತಾನೇ?” ಎಂದಳು ವಿಸೀತಾ.

“ಹಾಡ್ದೆ.”

“ಸರಿ ಬಿಡು, ತುಟಿ ನೋಡ್ದೆ. ಬಾ, ತಿನ್ನು. ಆರ್ಹೋಗುತ್ತೆ.”

ಜನರಿಗಾಗಿ ಹಾಡುವವರು ತಾವು ಕೊಟ್ಟದ್ದು ಪದಗಳನ್ನಷ್ಟೇ ಎಂದು ತಿಳಿದಿರುತ್ತಾರೆ. ಆದರೆ ಅವರು ಅಂಜಿ ಬಿಟ್ಟ ತೆರಪನ್ನು ಜನ ತಮ್ಮ ಧೈರ್ಯದಿಂದ ತುಂಬಿಕೊಂಡ ಮೇಲೆ, ಅದನ್ನು ಮರಳಿ ಪಡೆಯುವ ಹಕ್ಕು ಬರೆದವನಿಗೂ ಉಳಿಯುವುದಿಲ್ಲ.