ಬಾಡಿಗೆ ಅಳಿಯ

ಆವರಗೆರೆಯ ಕಬಡ್ಡಿ ಪಂದ್ಯಾವಳಿಗೆ ಒಂದೇ ಕಟ್ಟಳೆ: ಆಡುವವನು ತಂಡದ ಊರಿನವನಾಗಿರಬೇಕು, ಇಲ್ಲವೇ ಆ ಊರಿನ ಅಳಿಯನಾಗಿರಬೇಕು. ಮದುವೆ ನಿಶ್ಚಯವಾದವನೂ ಅಳಿಯನೇ. ಅಳಿಯನನ್ನು ಹೊರಗಿನವನೆನ್ನಲು ಯಾರಿಗೆ ಬಾಯಿ ಬರುತ್ತದೆ? ಆ ಮರ್ಯಾದೆಯ ಸಂದಿಯಲ್ಲೇ ಆವರಗೆರೆ ತಂಡದ ನಾಯಕ ಸಂತೋಷ ನುಸುಳಿದ. ಹರಿಹರದಿಂದ ಹನುಮೇಶ ಎಂಬ ರೈಡರ್‌ನನ್ನು ಬಾಡಿಗೆಗೆ ತಂದು, ಫೈನಲ್‌ಗೆ ಮುಂಚೆ ತಾನೇ ಮೈಕಿನಲ್ಲಿ ಸಾರಿದ: "ಉಡಚಮ್ಮನವರ ಮೊಮ್ಮಗಳು ಸುಧಾಗೆ ನಿಶ್ಚಯವಾಗಿರುವ ವರ."

ರೊಟ್ಟಿ ತಟ್ಟುತ್ತಿದ್ದ ಉಡಚಮ್ಮನಿಗೆ ಅದು ಮನೆಯೊಳಗೇ ಕೇಳಿಸಿತು. ಸುಧಾ ಓದುತ್ತಿದ್ದ ಪುಸ್ತಕ ಮುಚ್ಚಿದಳು. ಸೋಮವಾರ ಅವಳನ್ನು ನೋಡಲು ಮಲೆಬೆನ್ನೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಎದುರಾಳಿ ತಂಡವೂ ಮಲೆಬೆನ್ನೂರಿನದೇ. ಸುದ್ದಿ ಅಲ್ಲಿಗೆ ಮುಟ್ಟಲು ಬಸ್ಸೂ ಬೇಕಿರಲಿಲ್ಲ.

ಮುದುಕಿ ಉಳಿದ ರೊಟ್ಟಿ ಬೇಯಿಸಿದಳು, ಒಲೆ ಆರಿಸಿದಳು, ಸೆರಗು ಹೊದ್ದು ಮೈದಾನಕ್ಕೆ ನಡೆದಳು.

ಅಲ್ಲಿ ಮಲೆಬೆನ್ನೂರಿನವರು ತಕರಾರು ತೆಗೆದಿದ್ದರು. ಅಂಪೈರ್ ಲಿಂಗಣ್ಣ ಅವಳನ್ನು ಕಂಡು ಕುರ್ಚಿ ಬಿಟ್ಟೆದ್ದ. "ಬರ್ರಿ ಅಮ್ಮ. ಈತ ನಿಮ್ಮನೆ ಅಳಿಯ ಹೌದಾ?"

ಸಂತೋಷ ಅವಳ ಕಿವಿಗೆ ಬಗ್ಗಿದ. "ಹೂಂ ಅನ್ನಜ್ಜಿ. ಊರ ಮಾನದ ಪ್ರಶ್ನೆ ಐತೆ."

"ನಮ್ಮ ಹುಡುಗಿ ಮಾನ ಯಾವೂರಿಂದಪ್ಪ?" ಎಂದವಳು ಹನುಮೇಶನ ಕಡೆ ತಿರುಗಿದಳು. "ಮೈಕಟ್ಟು ಚಲೋ ಐತೆ. ನಿಮ್ದು ಯಾವ ಬೆಡಗು, ತಮ್ಮ?"

ಬೆಡಗೆಂದರೆ ವಂಶದ ಗುರುತು; ಅದನ್ನು ಕೇಳಿದರೆ ಎದೆ ಉಬ್ಬಿಸದ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಸುಳ್ಳು ಅಳಿಯ ನಿಜ ಹೇಳಿದ: "ಆನೆ ಬೆಡಗು, ಅಜ್ಜಿ."

ಹಿರಿಯರು ಮುಖ ಮುಖ ನೋಡಿಕೊಂಡರು. ಉಡಚಮ್ಮನ ಮನೆಯದೂ ಅದೇ ಬೆಡಗು. ಒಂದೇ ಬೆಡಗಿನವರೆಂದರೆ ಅಣ್ಣತಂಗಿಯರು. ಅಲ್ಲಿ ಹೆಣ್ಣು ಕೇಳುವುದಿರಲಿ, ನೆನೆಯುವುದೂ ತಪ್ಪು.

"ಅಣ್ಣನ್ನ ತಂದು ಗಂಡ ಅಂತ ಸಾರೀಯಲ್ಲೋ ಸಂತೋಷ. ಕಳ್ಳತನಕ್ಕೂ ಒಂದಿಷ್ಟು ವಿಚಾರಿಸ್ಬೇಕಪ್ಪ."

ಸಂತೋಷನಿಗೆ ನಾಚಿಕೆಯಾಗಲಿಲ್ಲ, ಅವಸರವಾಯಿತು. "ಹಂಗಾದ್ರೆ ನಮ್ಮೂರ ಲತಾನ್ನ ಮಾಡ್ಕಳೋ ಗಂಡು ಅಂತ ಬರ್ಕಳ್ರಿ, ಲಿಂಗಣ್ಣಾರೆ. ಅವರದು ಬೇರೆ ಬೆಡಗು."

ಹೆಂಗಸರ ಸಾಲಿನಲ್ಲಿ ಲತಾಳ ತಾಯಿ ಎದ್ದು ನಿಂತಳು. ಚಪ್ಪಲಿ ಕಾಲಲ್ಲಿರಲಿಲ್ಲ, ಕೈಯಲ್ಲಿತ್ತು.

ಲಿಂಗಣ್ಣ ಹನುಮೇಶನ ಹೆಸರು ಹೊಡೆದುಹಾಕಿದ. ಹನುಮೇಶ ಆಗಲೇ ಬ್ಯಾಗ್ ಹೆಗಲಿಗೇರಿಸಿದ್ದ. ಉಡಚಮ್ಮ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

"ಇನ್ನೇನಮ್ಮ?" ಎಂದ ಲಿಂಗಣ್ಣ.

"ಮೈಕಿನಾಗೆ ಹೇಳಿದ್ದು ಮೈಕಿನಾಗೇ ತೆಗೀಲಿ. ಇವನ ಬಾಯಿಂದಾನೇ."

ಸಂತೋಷ ಮೈಕ್ ಹಿಡಿದು ಗೊಣಗಿದ.

"ಕೇಳಿಸ್ಲಿಲ್ಲ," ಎಂದಳು. ಇನ್ನೊಮ್ಮೆ ಹೇಳಿದ. "ಮಲೆಬೆನ್ನೂರಿನೋರಿಗೆ ಕೇಳಿಸ್ತೇನ್ರಪ್ಪ?" ಎಂದು ಎದುರಾಳಿಗಳನ್ನು ವಿಚಾರಿಸಿದಳು. ಅವರಲ್ಲೊಬ್ಬ ನಗು ನುಂಗಿಕೊಂಡು, ಇಲ್ಲವೆಂದು ಕೈಯಾಡಿಸಿದ.

ಮೂರನೆಯ ಸಲ ಸಂತೋಷ ಬಿಡಿಬಿಡಿಯಾಗಿ, ಕೆರೆಯಾಚೆಗೂ ಕೇಳುವಂತೆ ಹೇಳಿದ: "ಸುಧಾಗೆ ಯಾರ ಜೊತೆಗೂ ನಿಶ್ಚಯ ಆಗಿಲ್ಲ. ನಾನು ಹೇಳಿದ್ದು ಸುಳ್ಳು."