ಹಿಡಿದರೂ ನಿಲ್ಲದ ಕಾಲು

“ಕಲ್ಲು ಹೊರಾಕಿ ನೀ, ಯಾವಾಗಿಂದ ಡಾಕ್ಟರ್ ಆದಿ? ಕೂಸು ಕಾಲ ಆಡಿಸಲಾರ್ದ ಮತ್ತೇನ ಮಾಡ್ತದ? ದನದಂಥಾಕಿ. ನಡಿ ಮನೀಗೆ.”

ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊರುವ ದಾನೇಶ್ವರಿಗೆ ಡಾಕ್ಟರು ಹೀಗಂದದ್ದು ಮುಂಜಾನೆಯಿಂದ ಇದು ಮೂರನೇ ಸಲ. ಮೂರು ದಿನದ ಹಿಂದೆ ಅವಳ ಹೆರಿಗೆಯಾದದ್ದೂ ಇದೇ ಸಣ್ಣ ದವಾಖಾನೆಯಲ್ಲಿ. ಕೂಸಿನ ಎಡಗಾಲು ಎಳೆದೆಳೆದು ಬಡಿಯುತ್ತಿತ್ತು, ತುಟಿ ಸುಮ್ಮನೆ ಚೀಪುತ್ತಿತ್ತು, ಕಣ್ಣು ಒಂದೇ ಕಡೆ ನೆಟ್ಟಿತ್ತು. ಮೊಮ್ಮಗಳು ಸೈಕಲ್ ತುಳಿದು ಪಕ್ಕದೂರು ವಾಡಿಗೆ ಹೊರಟಿದ್ದಾಳೆಂದು ಮೊದಲು ನಕ್ಕಿದ್ದ ಅತ್ತೆ ಚಂದಮ್ಮನೂ ಈಗ ನಗು ಬಿಟ್ಟು ಆ ಕಾಲನ್ನೇ ನೋಡುತ್ತಿದ್ದಳು.

ದಾನೇಶ್ವರಿ ಹೊರಡಲಿಲ್ಲ. ಕೂಸನ್ನು ಡಾಕ್ಟರ ಮೇಜಿನ ಮೇಲೇ ಮಲಗಿಸಿದಳು.

“ಈ ಕಾಲ ಹಿಡೀರಿ ಸಾಹೇಬ್ರ. ಬರೇ ನಡುಕ ಇದ್ರ ಹಿಡದ ಕೂಡ್ಲೆ ನಿಂದ್ರತದ. ಇದು ನಿಂದ್ರವಲ್ದು.”

ಹಿಂದಿನ ಎರಡು ಸಲವೂ ದೂರದಿಂದಲೇ ನೋಡಿ ಕಳಿಸಿದ್ದ ಡಾಕ್ಟರು ಈಗಲೂ ಕೈ ಚಾಚಲಿಲ್ಲ. ಚಂದಮ್ಮ ನಯವಾಗಿಯೇ ಅಂದಳು:

“ಹಿಡೀರಿ. ಚೊಲೋತ್ನಾಗಿ ಒರಸೇ ತಂದೀವಿ. ಮೈಲಿಗಿ ಹತ್ತಂಗಿಲ್ಲ.”

ಬಾಗಿಲಲ್ಲಿದ್ದ ನರ್ಸ್ ಅತೀಕ ಬೇರೆ ಕಡೆ ತಿರುಗಿ ನಗು ನುಂಗಿದಳು. ಡಾಕ್ಟರು ಎರಡು ಬೆರಳಲ್ಲಿ ಕಾಲು ಹಿಡಿದರು. ಬೆರಳಿನೊಳಗೇ ಅದು ಬಡಿಯುತ್ತಲೇ ಇತ್ತು. ಇದು ಫಿಟ್ಸ್ ಎಂದು ತಿಳಿದು ಅವರ ಮುಖದ ಬಣ್ಣ ಇಳಿಯಿತು.

ಆಮೇಲೆ ಎಲ್ಲ ಬೇಗ ನಡೆಯಿತು. ಅತೀಕ ಆಕ್ಸಿಜನ್ ಹಚ್ಚಿ, ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದಳು, ಸರಿಯಿತ್ತು. ತೂಕಕ್ಕೆ ತಕ್ಕಂತೆ ಫಿಟ್ಸ್ ತಡೆಯುವ ಫೀನೋಬಾರ್ಬಿಟೋನ್ ಅಳೆದು, ಉಸಿರಾಟದ ಮೇಲೆ ಕಣ್ಣಿಟ್ಟು ನಿಧಾನವಾಗಿ ನರಕ್ಕೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಕಾಲು ನಿಂತಿತು. ದಾನೇಶ್ವರಿಗೆ ಆಗ ಅಳು ಬಂತು. ಔಷಧ ನಿಲ್ಲಿಸಬಾರದು, ಕಲಬುರಗಿಯಲ್ಲಿ ಮೆದುಳಿನ ಪರೀಕ್ಷೆ ಆಗಲೇಬೇಕು ಎಂದು ಅತೀಕ ತಿಳಿಸಿ ಅಂಬುಲೆನ್ಸ್ ಕರೆಸಿದಳು.

ಹೊರಡುವಾಗ ಡಾಕ್ಟರು ಕಲಬುರಗಿ ಆಸ್ಪತ್ರೆಗೆ ಬರೆದ ಒಂದು ಚೀಟಿಯನ್ನೂ ಹೆಬ್ಬೆಟ್ಟಿನ ಶಾಯಿಯನ್ನೂ ಮುಂದೆ ತಳ್ಳಿದರು. ನಾಲವಾರದ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದ ದಾನೇಶ್ವರಿ ಚೀಟಿ ಓದಿದಳು. ‘ತಾಯಿಯ ನಿರ್ಲಕ್ಷ್ಯದಿಂದ ಚಿಕಿತ್ಸೆ ತಡವಾಗಿದೆ’ ಎಂದಿತ್ತು.

ಅವಳು ಪೆನ್ನು ಕೇಳಿದಳು. ಡಾಕ್ಟರು ನಗುತ್ತ ಕೊಟ್ಟರು. ‘ತಾಯಿಯ’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಡಾಕ್ಟರ’ ಎಂದು ಬರೆದಳು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿ, ಚೀಟಿ ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು ಅಂಬುಲೆನ್ಸ್ ಹತ್ತಿದಳು.

ಡಾಕ್ಟರು ಓಡಿ ಬಂದು ಚೀಟಿಗಾಗಿ ಕೈ ಚಾಚಿದರು.

“ಕಲಬುರಗಿ ಡಾಕ್ಟರು ಓದ್ಲಿ ಬಿಡ್ರಿ ಸಾಹೇಬ್ರ,” ಎಂದು ದಾನೇಶ್ವರಿ ಆ ಕೈಯಲ್ಲಿ ಪೆನ್ನು ಇಟ್ಟು ಬಾಗಿಲು ಎಳೆದುಕೊಂಡಳು.